ಪಿಳ್ಳೆಗಳನ್ನು ಹಳೆ ಕೋಳಿಗಳ ಜೊತೆ ಬಿಟ್ಟಿದ್ದು

ನಿನ್ನೆ ರಾತ್ರಿ ಟಾರ್ಚ್ ಹಿಡಿದು ಗೂಡಿನೊಳಗೆ ನೋಡಿದೆ. ಏಳೂ ಪಿಳ್ಳೆಗಳು ತಾವಾಗಿಯೇ ಹತ್ತಿ ಹಳೆ ಕೋಳಿಗಳ ಬಿದಿರಿನ ಮೇಲೆ ಕೂತಿದ್ದವು. ಒಂದು ತುದಿಯಲ್ಲಿ ಒತ್ತೊತ್ತಾಗಿ ಕೂತಿದ್ದವು, ಆದರೂ ಅದೇ ಬಿದಿರು. ಎಷ್ಟು ನೆಮ್ಮದಿಯಾಯ್ತು ಅಂದರೆ, ಇವತ್ತೇ ಇದನ್ನು ಬರೆದುಬಿಡೋಣ ಅನಿಸಿತು.

ನಮ್ಮದು ಶ್ರೀರಂಗಪಟ್ಟಣದಿಂದ ಸ್ವಲ್ಪ ಒಳಗೆ, ನಾಲೆ ಪಕ್ಕದ ಊರು. ಹಿತ್ತಲಲ್ಲಿ ಐದು ನಾಟಿ ಹ್ಯಾಟೆ, ಒಂದು ಹುಂಜ. ಹೋದ ವರ್ಷ ಗಿರಿರಾಜ ತಳಿಯ ಪಿಳ್ಳೆ ತಂದು, ಬಲ್ಬಿನ ಕಾವಿನಲ್ಲಿ ಸಾಕಿ, ಐದು ವಾರಕ್ಕೆ ಮೈತುಂಬ ಗರಿ ಬಂತಲ್ಲ ಅಂತ ಸೀದಾ ಹಿತ್ತಲಿಗೆ ಬಿಟ್ಟೆ. ಅರ್ಧ ಗಂಟೆಯಲ್ಲಿ ಒಂದರ ನೆತ್ತಿಯಲ್ಲಿ ರಕ್ತ. ಕೋಳಿಗಳು ಕೆಂಪು ಕಂಡರೆ ಬಿಡಲ್ಲ, ಒಂದು ಕುಕ್ಕಿದ ಜಾಗಕ್ಕೇ ಉಳಿದವೂ ಬಂದು ಕುಕ್ಕುತ್ತವೆ. ಓಡಿ ಹೋಗಿ ಎತ್ತಿಕೊಂಡೆ, ಅರಿಶಿನ ಹಚ್ಚಿದೆ. ಬೆಳಗಾಗುವಷ್ಟರಲ್ಲಿ ಜೀವ ಹೋಗಿತ್ತು. ಆ ಪಿಳ್ಳೆ ಇನ್ನೂ ಕಣ್ಣ ಮುಂದೆ ಇದೆ.

ಆಗ ಅವ್ವ ಒಂದೇ ಮಾತು ಕೇಳಿದಳು: "ಅವಕ್ಕೆ ತಾಯಿ ಎಲ್ಲವ್ಳೆ?" ಹೌದಲ್ವಾ, 21 ದಿನ ಕಾವು ಕೂತು ಮರಿ ಮಾಡಿದ ಹ್ಯಾಟೆ ಗರಿ ಕೆದರಿ ನಿಂತರೆ ಹುಂಜವೂ ಹಿಂದೆ ಸರಿಯುತ್ತದೆ. ಕೊಂಡು ತಂದ ಪಿಳ್ಳೆಗಳಿಗೆ ಅಡ್ಡ ನಿಲ್ಲೋರು ಯಾರೂ ಇಲ್ಲ. ಆ ಕೆಲಸ ನಾವೇ ಮಾಡಬೇಕು.

ಈ ಸಲ ಆತುರ ಮಾಡಲಿಲ್ಲ. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಮೊದಲ ವಾರ ಒಂದು ಹನಿ, ಎಂಟನೇ ವಾರ ಸೂಜಿ, ಎರಡೂ ಆಗುವ ತನಕ ಮನೆಯ ಇನ್ನೊಂದು ಬದಿಯಲ್ಲೇ ಇಟ್ಟೆ. ಒಂಬತ್ತನೇ ವಾರಕ್ಕೆ ಮೈಯಲ್ಲಿ ಹೆಚ್ಚುಕಮ್ಮಿ ನಮ್ಮ ಹ್ಯಾಟೆಗಳ ಹತ್ತಿರ ಬಂದಿದ್ದವು. ಆಮೇಲೆ ಹಿತ್ತಲಿಗೆ ಜಾಲರಿ ಅಡ್ಡ ಕಟ್ಟಿ 12 ದಿನ ಆಚೆ ಈಚೆ ಬಿಟ್ಟೆ. ಕಾಳು ಹಾಕಿದ್ದು ಜಾಲರಿಯ ಬುಡದಲ್ಲೇ, ಎದುರೆದುರು ನಿಂತು ತಿನ್ನಲಿ ಅಂತ. ಮೊದಲ ಎರಡು ದಿನ ಹಳೆಯವು ಜಾಲರಿಗೆ ಹಾರಿ ಹಾರಿ ಬಡಿದವು, ಆರನೇ ದಿನದ ಹೊತ್ತಿಗೆ ತಿರುಗಿಯೂ ನೋಡುತ್ತಿರಲಿಲ್ಲ. ಜಾಸ್ತಿ ಸಿಟ್ಟು ಯಾವುದಕ್ಕೆ ಗೊತ್ತಾ? ಎಲ್ಲವನ್ನೂ ಆಳುವ ಕೆಂಪು ಹ್ಯಾಟೆಗಲ್ಲ. ಎಲ್ಲರ ಕೈಲೂ ಕುಕ್ಕಿಸಿಕೊಂಡು ಕೊನೆಗೆ ತಿನ್ನುವ ಬೂದು ಹ್ಯಾಟೆಗೆ. ಈ ಹೊಸಬರೂ ತನ್ನ ಮೇಲೆ ಹತ್ತಿದರೆ ತನಗೇನು ಉಳೀತು ಅಂತ ಅದರ ಭಯ. ಅದನ್ನು ನೋಡಿ ಪಾಪ ಅನಿಸಿತು.

ಜಾಲರಿ ತೆಗೆದದ್ದು ಒಂದು ಸಂಜೆ, ಕತ್ತಲಾಗಲು ಒಂದು ಗಂಟೆ ಇರುವಾಗ, ಗೂಡಿನಲ್ಲಲ್ಲ, ಬಯಲಲ್ಲಿ. ಮೂರು ಕಡೆ ಮೇವು, ಮೂರು ಕಡೆ ನೀರು, ಅಲ್ಲಲ್ಲಿ ಕಬ್ಬಿನ ಸೋಗೆಯ ಕಟ್ಟು ಒರಗಿಸಿದ್ದೆ. ಈ ಸೋಗೆ ತುಂಬಾ ಕೆಲಸಕ್ಕೆ ಬಂತು. ಅಟ್ಟಿಸಿಕೊಂಡು ಬಂದ ಕೋಳಿಗೆ ಪಿಳ್ಳೆ ಮರೆಯಾದರೆ ಸಾಕು, ಬಂದ ಕೆಲಸ ಮರೆತು ಅಲ್ಲೇ ನೆಲ ಕೆರೆಯಲು ಶುರು ಮಾಡುತ್ತದೆ. ಆದರೆ ಎರಡೂ ಕಡೆ ದಾರಿ ಇರಲಿ. ಮೂಲೆಗೆ ಸಿಕ್ಕಿಬಿದ್ದ ಪಿಳ್ಳೆಯನ್ನು ಸುಮ್ನೆ ಬಿಡಲ್ಲ.

ಮೇವಿನ ವಿಷಯ ಹೇಳಲೇಬೇಕು. ಮೊಟ್ಟೆ ಕೋಳಿಯ ಲೇಯರ್ ಫೀಡಿನಲ್ಲಿ ಕ್ಯಾಲ್ಸಿಯಂ ಜಾಸ್ತಿ, ಪಿಳ್ಳೆಗಳ ಕಿಡ್ನಿ ಅದನ್ನು ತಡೆಯಲ್ಲ. ಅದಕ್ಕೆ ಎಲ್ಲಕ್ಕೂ ಬೆಳೆಯುವ ಪಿಳ್ಳೆಗಳ ಗ್ರೋವರ್ ಫೀಡ್ ಹಾಕಿ, ಹ್ಯಾಟೆಗಳ ಕ್ಯಾಲ್ಸಿಯಂಗೆ ಚಿಪ್ಪಿನ ಪುಡಿ ಬೇರೆ ಬಟ್ಟಲಲ್ಲಿ ಇಟ್ಟೆ. ಹ್ಯಾಟೆಗಳು ಬೇಕಾದಾಗ ಹೋಗಿ ತಿನ್ನುತ್ತವೆ.

ಮೊದಲ ಐದು ರಾತ್ರಿ ಪೂರ್ತಿ ಕತ್ತಲಾದ ಮೇಲೆ ಪಿಳ್ಳೆಗಳನ್ನು ನಾನೇ ಎತ್ತಿ ಬಿದಿರಿನ ಮೇಲೆ ಕೂರಿಸಿದೆ. ಕೋಳಿಗೆ ಕತ್ತಲಲ್ಲಿ ಕಣ್ಣು ಸರಿಯಾಗಿ ಕಾಣಲ್ಲ, ಜಗಳ ಇಲ್ಲ. ಜಗಳ ಇರೋದು ಬೆಳಿಗ್ಗೆ, ಬೆಳಕು ಹರಿದೂ ಬಾಗಿಲು ತೆಗೆಯದಿದ್ದಾಗ. ಹಾಗಾಗಿ ದಿನಾ ಕೋಳಿ ಕೂಗುವ ಮುಂಚೆ ನಾನು ಎದ್ದೆ. ಒಂದೆರಡು ಕುಕ್ಕು, ಸ್ವಲ್ಪ ಅಟ್ಟಾಟ, ಇದಕ್ಕೆಲ್ಲ ಅಡ್ಡ ಹೋಗಲಿಲ್ಲ. ರಕ್ತ ಬಂದರೆ ಮಾತ್ರ ತಕ್ಷಣ ಎತ್ತಬೇಕು, ಅದನ್ನೂ ಒಂಟಿಯಾಗಿ ಇಡದೆ ಇನ್ನೊಂದು ಪಿಳ್ಳೆಯ ಜೊತೆ, ಉಳಿದವಕ್ಕೆ ಕಾಣುವ ಹಾಗೆ ಜಾಲರಿಯ ಆಚೆ. ಈ ಸಲ ಅದರ ಅಗತ್ಯ ಬರಲಿಲ್ಲ.

ಇವತ್ತು ಬೆಳಿಗ್ಗೆ ರಾಗಿ ಎರಚಿದಾಗ ಬೂದು ಹ್ಯಾಟೆ ಒಂದು ಪಿಳ್ಳೆಯನ್ನು ಓಡಿಸಿತು. ಪಿಳ್ಳೆ ಸೋಗೆ ಕಟ್ಟನ್ನು ಒಂದು ಸುತ್ತು ಹಾಕಿ, ಆಚೆ ಬದಿಯಿಂದ ಬಂದು, ಅದರ ಪಕ್ಕದಲ್ಲೇ ನಿಂತು ತಿಂದಿತು.