ಆಚೆ ದಡಕ್ಕೆ ದೋಣಿ ಇಲ್ಲ

17 ಜೂನ್ 2023, ಶನಿವಾರ, ರಾತ್ರಿ

"ದೊಡ್ಡಮ್ಮಾ, ಪ್ಸರಾದೆಸ್‌ನಿಂದ ದೋಣೀಲಿ ಆಚೆ ದಡಕ್ಕೆ ಹೋಗಿ ಊಟ ಮಾಡ್ಕೊಂಡು ಬರಬಹುದಾ?"

ತಂಗಿ ಮಗಳ ಮೆಸೇಜು. ಪ್ಸರಾದೆಸ್ ಅಂದರೆ ಗ್ರೀಸಿನ ಉತ್ತರ ಗಡಿಯಲ್ಲಿ, ಹಿರಿ ಪ್ರೆಸ್ಪಾ ಸರೋವರದ ದಡದ ಊರು; ಆಚೆ ದಡ ಉತ್ತರ ಮ್ಯಾಸಿಡೋನಿಯಾ. ಆಗಲ್ಲ ಕಣೇ ಅಂತ ಎರಡೇ ಮಾತಲ್ಲಿ ಮುಗಿಸಬಹುದಿತ್ತು. ಆದರೆ ಕೇಳಿದ ದಿನ ನೋಡಿ. ಸರಿಯಾಗಿ ಐದು ವರ್ಷದ ಹಿಂದೆ, 2018ರ ಜೂನ್ 17ರಂದು, ಅದೇ ಊರಿನ ದಡದಿಂದ ದೋಣಿ ಹತ್ತಿ ಆಚೆ ದಡದ ಒಟೆಶೆವೊಗೆ ಹೋಗಿ ಊಟ ಮಾಡಿದವರಿದ್ದಾರೆ. ಆದರೆ ಅವರು ಎರಡು ದೇಶಗಳ ಪ್ರಧಾನಿಗಳು.

1991ರಲ್ಲಿ ಯುಗೊಸ್ಲಾವಿಯಾ ಒಡೆದಾಗ ಹುಟ್ಟಿದ ದೇಶ ಮ್ಯಾಸಿಡೋನಿಯಾ ಅಂತ ಹೆಸರಿಟ್ಟುಕೊಂಡಿತು. ಗ್ರೀಸಿನ ಉತ್ತರ ಭಾಗಕ್ಕೂ ಅದೇ ಹೆಸರು. ಬರೀ ಹೆಸರಿಗಾಗಿ 27 ವರ್ಷ ಜಗಳ. ಕೊನೆಗೆ ಆ ಭಾನುವಾರ ಮ್ಯಾಸಿಡೋನಿಯಾದ ಪ್ರಧಾನಿ ಜೊರಾನ್ ಜಾಯೆವ್ ಆಚೆಯಿಂದ ದೋಣಿಯಲ್ಲಿ ಬಂದರು, ಗ್ರೀಸಿನ ಪ್ರಧಾನಿ ಅಲೆಕ್ಸಿಸ್ ತ್ಸಿಪ್ರಾಸ್ ಈಚೆ ದಡದಲ್ಲಿ ಬರಮಾಡಿಕೊಂಡರು, ವಿದೇಶಾಂಗ ಮಂತ್ರಿಗಳಾದ ಕೋತ್ಜಿಯಾಸ್ ಮತ್ತು ದಿಮಿತ್ರೋವ್ ಹೆಸರು ಬದಲಿಸುವ ಒಪ್ಪಂದಕ್ಕೆ ಸಹಿ ಹಾಕಿದರು. ಆಚೆಯದು ಉತ್ತರ ಮ್ಯಾಸಿಡೋನಿಯಾ ಆಯಿತು. ವಿಶ್ವಸಂಸ್ಥೆಯ ಪರವಾಗಿ ವರ್ಷಗಟ್ಟಲೆ ಸಂಧಾನ ನಡೆಸಿದ ಮ್ಯಾಥ್ಯೂ ನಿಮೆಟ್ಜ್ ಅವರಿಗೆ ಅವತ್ತೇ 79 ತುಂಬಿತ್ತು. ಅದೇ ಹೊತ್ತಿಗೆ ಬೆಟ್ಟದ ಆಚೆ ಪಿಸೊದೇರಿಯಲ್ಲಿ ಒಪ್ಪಂದ ಬೇಡ ಅಂದವರ ಮೇಲೆ ಪೊಲೀಸರು ಅಶ್ರುವಾಯು ಸಿಡಿಸುತ್ತಿದ್ದರು. ಫೋಟೋಗಳಲ್ಲಿ ಸರೋವರ ಮಾತ್ರ ಇದೆ.

ಇವಳು ಹೋಗಬೇಕಾದದ್ದೂ ಆ ಪಿಸೊದೇರಿ ದಾಟಿಯೇ. ಬಸ್ಸು ನಂಬಿಕೊಂಡರೆ ಕೆಟ್ಟಳು, ಕಾರು ಬೇಕು. ಪೆಟ್ರೋಲು ಬೆಟ್ಟದ ಈಚೆಯ ಪೇಟೆ ಫ್ಲೋರಿನಾದಲ್ಲೇ ತುಂಬಿಸಿಕೊಳ್ಳಬೇಕು. ಘಾಟಿ ಹತ್ತಿ ಇಳಿದ ಮೇಲೆ ತ್ರಿಗೊನೋ ಹತ್ತಿರ ಬಲಕ್ಕೆ ತಿರುಗಬೇಕು. ನೇರ ಹೋದರೆ ಅಲ್ಬೇನಿಯಾ ಗಡಿಯ ಕ್ರಿಸ್ತಲೊಪಿಗಿ ಕಡೆಗೆ ಹೋಗಿಬಿಡುತ್ತಾಳೆ. ಸಂಜೆ ಆದಮೇಲೆ ಆ ರಸ್ತೆ ಬೇಡ. ಕಂದು ಕರಡಿಗಳಿರುವ ಕಾಡು ಅದು. ಚಳಿಗಾಲದಲ್ಲಾದರೆ ಚಕ್ರಕ್ಕೆ ಸರಪಳಿ ಇಲ್ಲದೆ ಘಾಟಿ ಹತ್ತಬಾರದು.

ಕೆಳಗೆ ಎರಡು ಸರೋವರ ಕಾಣುತ್ತವೆ, ನಡುವೆ ಒಂದು ಮರಳಿನ ಪಟ್ಟಿ. ಎಡಕ್ಕೆ ಕಿರಿ ಪ್ರೆಸ್ಪಾ, ಬಲಕ್ಕೆ ಹಿರಿ ಪ್ರೆಸ್ಪಾ. ಆ ಪಟ್ಟಿಯ ಕೊನೆಯಲ್ಲಿ ಕೂಲಾ ಅನ್ನುವ ಜಾಗ, ಅಲ್ಲೊಂದು ಕಾಲುವೆ, ಕಾಲುವೆಗೆ ತೂಬು. ಎಲ್ಲರೂ ನೋಡದೆ ದಾಟಿ ಹೋಗುವುದು ಇದನ್ನೇ. ಕಿರಿಯ ಸರೋವರದ ನೀರು ಮೇಲಿದೆ, ಹಿರಿಯದು ಕೆಳಗೆ. ತೂಬನ್ನು ಜಾಸ್ತಿ ತೆರೆದರೆ ಕಿರಿಯದರ ಅಂಚಿನ ಹಸಿ ಹುಲ್ಲುಗಾವಲು ಒಣಗುತ್ತದೆ, ಅಲ್ಲಿ ಮೊಟ್ಟೆಯಿಡುವ ಮೀನಿಗೂ ಮೇಯುವ ಹಕ್ಕಿಗೂ ಕಷ್ಟ. ತೀರಾ ಮುಚ್ಚಿದರೆ ದಡದ ಹೊಲಕ್ಕೆ ನೀರು ನುಗ್ಗುತ್ತದೆ. ಹೊಲ ಅಂದರೆ ಬೀನ್ಸ್ ಹೊಲ. ಕೋಲು ನೆಟ್ಟು ಬಳ್ಳಿ ಹಬ್ಬಿಸುವ, ಹೆಬ್ಬೆರಳಿನ ಗಾತ್ರದ ಬಿಳಿ ಕಾಳು. ರಾತ್ರಿಯಿಡೀ ನೆನೆಹಾಕದಿದ್ದರೆ ಬೇಯುವುದಿಲ್ಲ.

ಹಿರಿ ಪ್ರೆಸ್ಪಾಗೆ ಮೇಲಿಂದ ಹೊರಹರಿವೇ ಇಲ್ಲ. ನೀರು ಸುಣ್ಣಕಲ್ಲಿನ ಬೆಟ್ಟದೊಳಗೆ ಇಂಗಿ, ಸುಮಾರು 150 ಮೀಟರ್ ಕೆಳಗಿರುವ ಓಹ್ರಿದ್ ಸರೋವರದ ದಡದಲ್ಲಿ ಬುಗ್ಗೆಯಾಗಿ ಏಳುತ್ತದೆ. ಅಲ್ಬೇನಿಯಾ ಕಡೆಯ ಜಾವೆರ್ ಬಿಲದಲ್ಲಿ ಬಣ್ಣ ಬಿಟ್ಟು, ಅದು ಬುಗ್ಗೆಗಳಲ್ಲಿ ಬಂದದ್ದನ್ನು ಹಿಡಿದಿದ್ದಾರೆ. ಬಿಲ ಮುಚ್ಚಲಾಗದು; ಮಳೆ, ಹಿಮ ಕಡಿಮೆಯಾಗಿ, ಸುತ್ತಲ ಹೊಲಗಳು ನೀರೆತ್ತಿದರೆ ಮಟ್ಟ ಇಳಿಯುತ್ತಲೇ ಇರುತ್ತದೆ. ಇಳಿಯುತ್ತಲೇ ಇದೆ.

ಅದಕ್ಕೇ ಗವಿಗಳ ವಿಷಯ ಬರೆಯಬೇಕು. ಪ್ಸರಾದೆಸ್ ಕೊಲ್ಲಿಯಿಂದ ಮೀನುಗಾರರ ದೋಣಿಯಲ್ಲಿ ಹೊರಟರೆ ಬಂಡೆಯ ಮೇಲೇ ಬರೆದ ಮೇರಿಮಾತೆಯ ಚಿತ್ರಗಳು, ಆಮೇಲೆ ಸನ್ಯಾಸಿಗಳಿದ್ದ ಗವಿಗಳು. ಪಾನಾಯಿಯಾ ಎಲೆಊಸಾ ಮಾತ್ರ ಬಿಡಬಾರದು. ಬಂಡೆಯ ಸೀಳಿನ ಬಾಯಿಗೆ ಗೋಡೆ ಕಟ್ಟಿ ಮಾಡಿದ ಗುಡಿ, ಒಳಗೆಲ್ಲ 1410ರ ಭಿತ್ತಿಚಿತ್ರ. ನೀರು ಇಳಿದಷ್ಟೂ ಹತ್ತುವ ಮೆಟ್ಟಿಲು ಜಾಸ್ತಿ. ಹಿಡಿತ ಇರುವ ಷೂ ಹಾಕಿಕೊಂಡು ಬೆಳಿಗ್ಗೆಯೇ ಹೋಗಬೇಕು. ಗಾಳಿ ಎದ್ದು ಅಲೆ ಬಂದರೆ ದೋಣಿ ಬಂಡೆಗೆ ತಾಗಿಸಿ ನಿಲ್ಲಿಸಲಾಗದು, ಕೆಳಗಿಂದ ನೋಡಿ ವಾಪಸ್. ಗುಡಿಗೆ ಬೀಗ ಇದೆಯೋ, ಕೀಲಿ ಯಾರ ಹತ್ತಿರವೋ, ಹತ್ತುವ ಮೊದಲೇ ದೋಣಿಯವರನ್ನು ಕೇಳಲಿ.

ಊರೊಳಗೆ ಕಲ್ಲಿನ ಮನೆಗಳು, ಗಿಡ್ಡ ತಳಿಯ ಹಸುಗಳು. 1927ರವರೆಗೆ ಊರಿನ ಹೆಸರು ನೀವಿತ್ಸಾ. ಪ್ಸರಾದೆಸ್ ಅಂದರೆ ಗ್ರೀಕಿನಲ್ಲಿ ಮೀನುಗಾರರು. ಒಂದು ಹೆಸರನ್ನು ಒರೆಸಿ ಇನ್ನೊಂದು ಬರೆದ ಊರಿನಲ್ಲೇ ದೇಶದ ಹೆಸರಿನ ಒಪ್ಪಂದ ಆದದ್ದು. 1946ರಿಂದ 49ರ ಅಂತರ್ಯುದ್ಧದಲ್ಲಿ ಪ್ರೆಸ್ಪಾ ಕಮ್ಯುನಿಸ್ಟ್ ಸೈನ್ಯದ ಕೊನೆಯ ನೆಲೆಗಳಲ್ಲೊಂದು. ವ್ರೊಂದೆರೊ ಹತ್ತಿರದ ಕೊಕ್ಕಾಲಿ ಗವಿಯಲ್ಲಿ ಅವರ ಆಸ್ಪತ್ರೆ ಇತ್ತು. 1949ರ ಆಗಸ್ಟ್‌ನಲ್ಲಿ ಸೋತು ಗಡಿ ದಾಟಿದವರಲ್ಲಿ ಅನೇಕರು ಮರಳಲಿಲ್ಲ. ಇಲ್ಲಿನ ಮುದುಕರು ಮನೆಯಲ್ಲಿ ಆಡುವ ಸ್ಲಾವಿಕ್ ನುಡಿಯ ಬಗ್ಗೆ ಹೊರಗಿನವರು ಎಲ್ಲರೆದುರು ಕೇಳಬಾರದು. ಇದನ್ನು ಅವಳಿಗೆ ಎರಡು ಸಲ ಬರೆದೆ.

ಹೆಜ್ಜಾರ್ಲೆ ನೋಡಬೇಕಂತೆ. ಕಿರಿ ಪ್ರೆಸ್ಪಾದಲ್ಲಿ ಡಾಲ್ಮೇಷಿಯನ್ ಹೆಜ್ಜಾರ್ಲೆಗಳ ಜಗತ್ತಿನಲ್ಲೇ ದೊಡ್ಡ ನೆಲೆ ಇತ್ತು. 2022ರಲ್ಲಿ ಹಕ್ಕಿಜ್ವರಕ್ಕೆ 1,700ಕ್ಕೂ ಹೆಚ್ಚು ಸತ್ತವು. ಉಳಿದವನ್ನು ದೂರದಿಂದ, ಬೈನಾಕ್ಯುಲರಿನಲ್ಲಿ ನೋಡಲಿ, ಸಾಕು.

ಸರಿ, ಊಟದ ಪ್ರಶ್ನೆ. ಪ್ರವಾಸಿ ದೋಣಿ ಗಡಿ ದಾಟುವಂತಿಲ್ಲ. ಲೈಮೋಸ್ ಆಚೆಯ ಮಾರ್ಕೋವಾ ನೋಗಾ ಗೇಟು ಮುಚ್ಚಿ ದಶಕಗಳಾದವು, ತೆರೆಯುವ ಮಾತು ಮಾತಾಗಿಯೇ ಇದೆ. ಕಣ್ಣೆದುರಿನ ದಡಕ್ಕೆ ಹೋಗಬೇಕಾದರೆ ವಾಪಸ್ ಫ್ಲೋರಿನಾ, ನೀಕಿ ಚೆಕ್‌ಪೋಸ್ಟು, ಬಿತೋಲಾ, ರೆಸೆನ್, ಒಟೆಶೆವೊ. ನೂರು ಕಿಲೋಮೀಟರಿಗೂ ಮೇಲೆ. ಬಾಡಿಗೆ ಕಾರಾದರೆ ಗಡಿ ದಾಟಲು ಹಸಿರು ಕಾರ್ಡು, ಅಂದರೆ ಹೊರದೇಶದಲ್ಲೂ ಸಲ್ಲುವ ವಿಮೆಯ ಪತ್ರ, ಮೊದಲೇ ಕೇಳಿ ಪಡೆಯಬೇಕು. ಮತ್ತೆ, ಭಾರತದ ಪಾಸ್‌ಪೋರ್ಟಿನಲ್ಲಿ ಸಿಂಗಲ್ ಎಂಟ್ರಿ ಷೆಂಗೆನ್ ವೀಸಾ ಇದ್ದರೆ ಆಚೆ ಹೋದವಳು ಈಚೆ ಬರುವಂತಿಲ್ಲ. ಅವಳದ್ದು ಸಿಂಗಲ್ಲೋ ಮಲ್ಟಿಪಲ್ಲೋ ಕೇಳುವುದನ್ನೇ ಮರೆತೆ. ಈಗ ಹನ್ನೊಂದೂವರೆ, ಅಲ್ಲಿ ಇನ್ನೂ ಒಂಬತ್ತು ಗಂಟೆ ಅಷ್ಟೇ, ಎದ್ದಿರುತ್ತಾಳೆ