ಸುಮ್ಮನೆ ಹಾದುಹೋದದ್ದೂ ಅಪರಾಧ

ಜರ್ಮನಿಯಲ್ಲಿ ಡ್ರೈವಿಂಗ್ ಲೈಸೆನ್ಸ್ ಬೇಕೆಂದರೆ ಮೊದಲು ಒಂದಿಡೀ ದಿನ ಪ್ರಥಮ ಚಿಕಿತ್ಸೆಯ ತರಗತಿಯಲ್ಲಿ ಕೂರಬೇಕು. ಭಾರತದ ಲೈಸೆನ್ಸ್ ಇಲ್ಲಿ ಆರು ತಿಂಗಳು ಮಾತ್ರ ನಡೆಯುತ್ತದೆ, ಆಮೇಲೆ ಎಲ್ಲ ಪರೀಕ್ಷೆ ಹೊಸದಾಗಿ ಪಾಸಾಗಬೇಕು. ಹಾಗಾಗಿ ನಾನೂ ಹೋದೆ. ಗೊಂಬೆಯ ಎದೆ ಒತ್ತುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಪ್ರಜ್ಞೆ ತಪ್ಪಿದವರನ್ನು ಮಗ್ಗುಲಾಗಿ ಮಲಗಿಸುವುದು ಎಲ್ಲ ಕಲಿಸಿದರು. ನಡುವೆ ಮೇಡಂ ಒಂದು ಪ್ರಶ್ನೆ ಕೇಳಿದರು.

"ರಸ್ತೆ ಬದಿಯಲ್ಲಿ ಯಾರೋ ಬಿದ್ದಿದ್ದಾರೆ. ಬೀಳಿಸಿದ್ದು ನೀವಲ್ಲ. ನೋಡಿಕೊಂಡು ಮುಂದೆ ಹೋಗ್ತೀರಿ. ಇದು ಅಪರಾಧವೋ, ಅಲ್ಲವೋ?"

ಅಪರಾಧ ಅಲ್ಲ, ಆದರೆ ತಪ್ಪು ಅಂದೆ. ಅವರು ಬೋರ್ಡಿನ ಮೇಲೆ 323ಸಿ ಎಂದು ಬರೆದರು.

ಅದು ಇಲ್ಲಿನ ದಂಡ ಸಂಹಿತೆಯ ಒಂದು ಸೆಕ್ಷನ್. ಅಪಘಾತವಾದಾಗ, ಯಾರಿಗಾದರೂ ಆಪತ್ತು ಬಂದಾಗ, ನಿಮ್ಮ ಕೈಲಾಗುವ ಸಹಾಯವನ್ನೂ ಮಾಡದೆ ಹೋದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ. ಜೀವ ಪಣಕ್ಕಿಟ್ಟು ಬೆಂಕಿಗೆ ಹಾರಿ ಅಂತ ಯಾರೂ ಹೇಳುವುದಿಲ್ಲ. 112ಕ್ಕೆ ಫೋನ್ ಮಾಡಿದರೂ ಅದು ಸಹಾಯವೇ. ಸಹಾಯ ಮಾಡಲು ಹೋಗಿ ನಿಮಗೇ ಪೆಟ್ಟಾದರೆ ಸರ್ಕಾರಿ ಅಪಘಾತ ವಿಮೆ ನೋಡಿಕೊಳ್ಳುತ್ತದೆ.

ಕದಿಯುವುದು, ಹೊಡೆಯುವುದು, ಮೋಸ ಮಾಡುವುದು, ಇವು ಅಪರಾಧ ಅಂತ ಗೊತ್ತಿತ್ತು. ಏನೂ ಮಾಡದೆ ಇರುವುದಕ್ಕೂ ಕೋರ್ಟು ಕರೆಯುತ್ತದೆ ಅನ್ನೋದು ನನಗೆ ಹೊಸ ವಿಷಯ. ಮನೆಗೆ ಬಂದು ಓದುತ್ತಾ ಕೂತಾಗ ಎಸೆನ್ ನಗರದ ಪ್ರಕರಣ ಸಿಕ್ಕಿತು. ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ.

2016ರ ಅಕ್ಟೋಬರ್ 3, ಇಲ್ಲಿ ರಾಷ್ಟ್ರೀಯ ರಜೆ. ಎಂಬತ್ತು ದಾಟಿದ ಒಬ್ಬ ಹಿರಿಯರು ಬ್ಯಾಂಕಿನ ಎಟಿಎಂ ಕೋಣೆಯಲ್ಲಿ ಕುಸಿದು ಬಿದ್ದರು. ಒಬ್ಬರಾದ ಮೇಲೆ ಒಬ್ಬರಂತೆ ನಾಲ್ಕು ಜನ ಒಳಗೆ ಬಂದರು. ಬಿದ್ದಿದ್ದ ಹಿರಿಯರನ್ನು ಸುತ್ತಿಕೊಂಡು, ದಾಟಿಕೊಂಡು ಹೋಗಿ ತಮ್ಮ ಕೆಲಸ ಮುಗಿಸಿ ಹೊರಟರು. ಎಲ್ಲವೂ ಕ್ಯಾಮೆರಾದಲ್ಲಿ ದಾಖಲಾಯಿತು. ತುರ್ತು ಸಹಾಯಕ್ಕೆ ಫೋನ್ ಮಾಡಿದ್ದು ಐದನೆಯವರು. ಆ ಹಿರಿಯರು ಕೆಲವು ದಿನಗಳ ನಂತರ ಆಸ್ಪತ್ರೆಯಲ್ಲಿ ತೀರಿಕೊಂಡರು. ಮನೆಯಿಲ್ಲದ ಯಾರೋ ಮಲಗಿದ್ದಾರೆ ಅಂದುಕೊಂಡೆವು ಅಂತ ಆ ಗ್ರಾಹಕರು ಹೇಳಿದರು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಕೋರ್ಟು ಮೂವರಿಗೆ 2,400ರಿಂದ 3,600 ಯೂರೋವರೆಗೆ ದಂಡ ಹಾಕಿತು.

ಸಹಾಯ ಬೇಗ ಸಿಕ್ಕಿದ್ದರೂ ಅವರು ಉಳಿಯುತ್ತಿರಲಿಲ್ಲ ಅಂತ ತಜ್ಞರು ಹೇಳಿದ್ದರಂತೆ. ಆದರೂ ಶಿಕ್ಷೆ ಆಯಿತು. ಯಾಕೆಂದರೆ ಅಲ್ಲಿ ಅಪರಾಧ ಸಾವಲ್ಲ. ಬಿದ್ದ ಮನುಷ್ಯನನ್ನು ಕಂಡೂ ದಾಟಿ ಹೋದದ್ದು. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಎರಡು ಸಲ ಓದಬೇಕಾಯಿತು.

ಎಲ್ಲ ದೇಶವೂ ಹೀಗಿಲ್ಲ. ಫ್ರಾನ್ಸ್‌ನಲ್ಲಿ ಇದೇ ಅಪರಾಧಕ್ಕೆ ಐದು ವರ್ಷದವರೆಗೆ ಜೈಲು, 75,000 ಯೂರೋವರೆಗೆ ದಂಡ. ಇಂಗ್ಲೆಂಡ್‌ನಲ್ಲಿ ದಾರಿಹೋಕರಿಗೆ ಇಂಥ ಸಾಮಾನ್ಯ ಕರ್ತವ್ಯವೇ ಇಲ್ಲ. ಯಾರದೋ ಮಗು ಮೊಣಕಾಲುದ್ದ ನೀರಿನಲ್ಲಿ ಮುಳುಗುತ್ತಿದ್ದರೂ, ಅದಕ್ಕೆ ಸಂಬಂಧವೇ ಇಲ್ಲದವರು ನೋಡುತ್ತಾ ನಿಂತರೆ ಕಾನೂನು ಅವರನ್ನು ಹಿಡಿಯುವುದಿಲ್ಲ.

ಇನ್ನು ನಮ್ಮ ದೇಶ. "ನಮ್ಮವರಿಗೆ ಕರುಣೆ ಇಲ್ಲ, ಅಪಘಾತ ಆದರೆ ನಿಂತು ನೋಡ್ತಾರೆ" ಅಂತ ಇಲ್ಲಿನ ಕೆಲವು ಭಾರತೀಯರು ಹೇಳುವುದುಂಟು. ನನಗೆ ಬೇಜಾರಾಗುತ್ತದೆ. ಅದು ಕಲ್ಲು ಮನಸ್ಸಲ್ಲ, ಭಯ. ಆಸ್ಪತ್ರೆಗೆ ಸೇರಿಸಿದವರನ್ನೇ ಠಾಣೆಗೆ ಕರೆದು ಕೂರಿಸುತ್ತಾರೆ, ವರ್ಷಗಟ್ಟಲೆ ಸಾಕ್ಷಿ ಅಂತ ಅಲೆಸುತ್ತಾರೆ ಅನ್ನುವ ಭಯ. ಅದಕ್ಕೇ ನಮ್ಮಲ್ಲಿ ಕಾನೂನು ಉಲ್ಟಾ ದಿಕ್ಕಿನಿಂದ ಬಂತು. 2016ರಲ್ಲಿ ಸುಪ್ರೀಂ ಕೋರ್ಟ್ ಸಹಾಯ ಮಾಡುವವರ ರಕ್ಷಣೆಯ ನಿಯಮಗಳಿಗೆ ಕಾನೂನಿನ ಬಲ ಕೊಟ್ಟಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಅದೇ ರಕ್ಷಣೆಯ 134ಎ ಸೆಕ್ಷನ್ ಸೇರಿತು. ಕರ್ನಾಟಕ ಇದಕ್ಕೆಂದೇ ತನ್ನದೊಂದು ಕಾಯ್ದೆಯನ್ನೂ ಮಾಡಿಕೊಂಡಿದೆ. ಗಾಯಾಳುವನ್ನು ಸೇರಿಸಿದವರು ತಮ್ಮ ಹೆಸರು ಹೇಳಲೇಬೇಕೆಂದಿಲ್ಲ. ದಯವಿಟ್ಟು ಇದನ್ನು ಮನೆಯವರಿಗೆಲ್ಲ ಹೇಳಿ. ಫೋನಿನಲ್ಲಿ ನಮ್ಮಣ್ಣನಿಗೆ ಹೇಳಿದಾಗ ಅವನಿಗೂ ಗೊತ್ತಿರಲಿಲ್ಲ.

ಜರ್ಮನಿಯಲ್ಲಿ ಅಪರಾಧದ ಗೆರೆ ನಾವು ಅಂದುಕೊಂಡ ಕಡೆ ಇರುವುದೇ ಇಲ್ಲ. ಕಳೆದ ವರ್ಷ ಕಾರು ಹಿಂದಕ್ಕೆ ತೆಗೆಯುವಾಗ ನಿಂತಿದ್ದ ಇನ್ನೊಂದು ಕಾರಿಗೆ ತಾಗಿ ಗೀರು ಬಿತ್ತು. ಹೆಸರು, ಫೋನ್ ನಂಬರ್ ಬರೆದು ಚೀಟಿಯನ್ನು ವೈಪರ್‌ಗೆ ಸಿಕ್ಕಿಸಿ ಹೊರಟಿದ್ದೆ. ಪಕ್ಕದ ಮನೆಯವರು ಓಡಿ ಬಂದು ತಡೆದರು. ಚೀಟಿ ಸಾಲದು, ಮಾಲೀಕರಿಗೆ ಕಾಯಬೇಕು, ಬರದಿದ್ದರೆ ಪೊಲೀಸರಿಗೆ ತಿಳಿಸಬೇಕು ಅಂದರು. ಸುಮ್ನೆ ಹೊರಟುಬಿಟ್ಟರೆ ಅದು ಅಪಘಾತ ಮಾಡಿ ಪರಾರಿಯಾದ ಹಾಗೆ, ಮೂರು ವರ್ಷದವರೆಗೆ ಜೈಲಾಗಬಹುದಾದ ಅಪರಾಧ. ಒಂದು ಗೀರಿಗೆ! ಅದೇ ದೇಶದಲ್ಲಿ ಕೈದಿ ಜೈಲಿನಿಂದ ತಪ್ಪಿಸಿಕೊಂಡರೆ, ಬರೀ ತಪ್ಪಿಸಿಕೊಂಡದ್ದಕ್ಕೆ ಬೇರೆ ಶಿಕ್ಷೆ ಇಲ್ಲ. ಗೋಡೆ ಒಡೆದರೆ, ಕಾವಲುಗಾರರನ್ನು ಹೊಡೆದರೆ ಅದಕ್ಕುಂಟು. ಬಿಡುಗಡೆಯ ಆಸೆ ಮನುಷ್ಯನ ಸಹಜ ಗುಣ, ಅದನ್ನು ಅಪರಾಧ ಅನ್ನಲಾಗದು ಅನ್ನುವುದು ಇಲ್ಲಿನ ಯೋಚನೆ. ಇನ್ನೊಂದು, 2021ರಿಂದ ಅಪಘಾತದಲ್ಲಿ ಸತ್ತವರ ಘನತೆ ಕೆಡಿಸುವಂತೆ ಫೋಟೊ ತೆಗೆಯುವುದೂ ಅಪರಾಧ. ಇದು ನಮ್ಮಲ್ಲೂ ಬರಬೇಕು ಅಂತ ನನಗೆ ತುಂಬಾ ಅನ್ನಿಸುತ್ತದೆ.

ಕಳೆದ ಜನವರಿಯಲ್ಲಿ ಒಂದು ಸಂಜೆ ಟ್ರಾಮ್ ನಿಲ್ದಾಣದ ಬೆಂಚಿನ ಮೇಲೆ ಒಬ್ಬರು ತಲೆ ಬಾಗಿಸಿ ಕೂತಿದ್ದರು. ಹಿಮ ಬೀಳುತ್ತಿತ್ತು. ಅಲುಗಾಟವೇ ಇಲ್ಲ. ಮೊದಲಾಗಿದ್ದರೆ ನಮಗ್ಯಾಕೆ ಅಂತ ದೂರ ನಿಲ್ಲುತ್ತಿದ್ದೆನೇನೋ. ಹತ್ತಿರ ಹೋಗಿ ಭುಜ ಮುಟ್ಟಿ, "ಹುಷಾರಾಗಿದ್ದೀರಾ?" ಅಂತ ಕೇಳಿದೆ. ಅವರು ಬೆಚ್ಚಿ ಕಣ್ಣು ಬಿಟ್ಟರು. ರಾತ್ರಿ ಪಾಳಿ, ನಿದ್ದೆ ಹತ್ತಿತ್ತು ಅಂದರು, ಥ್ಯಾಂಕ್ಸ್ ಹೇಳಿದರು. ತಿರುಗಿ ನೋಡಿದರೆ ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಒಬ್ಬಾಕೆ ಮೊಬೈಲ್ ಕೈಯಲ್ಲಿ ಹಿಡಿದು ನಮ್ಮನ್ನೇ ನೋಡುತ್ತಾ ನಿಂತಿದ್ದರು. ಏನೂ ತೊಂದರೆ ಇಲ್ಲ ಅಂತ ಕೈ ಎತ್ತಿ ತೋರಿಸಿದೆ. ಅವರು ತಲೆ ಆಡಿಸಿ ಮೊಬೈಲನ್ನು ಜೇಬಿಗೆ ಹಾಕಿಕೊಂಡರು.