ಹತ್ತು ಪೈಸೆಯ ದಂಡ

ಮಗಳು ಶಿಕ್ಷಣಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿರುವ ಮೌಂಟ್ ಸೇಂಟ್ ವಿನ್ಸೆಂಟ್ ವಿಶ್ವವಿದ್ಯಾಲಯವನ್ನು ಕಣ್ಣಾರೆ ನೋಡಬೇಕೆಂಬ ನನ್ನ ಆಸೆ ಕಳೆದ ಅಕ್ಟೋಬರಿನಲ್ಲಿ ಕೈಗೂಡಿತು. ಕೆನಡಾದ ಹ್ಯಾಲಿಫ್ಯಾಕ್ಸ್ ನಗರದಲ್ಲಿ, ಬೆಡ್‌ಫರ್ಡ್ ಬೇಸಿನ್ ಎಂಬ ಕಡಲಿನ ಚಾಚಿಗೆ ಮುಖಮಾಡಿದ ಗುಡ್ಡದ ಮೇಲೆ ಅದು ಇದೆ. ಬಸ್ಸಿಳಿದು ಏರು ಹತ್ತುವಾಗ ಮೇಪಲ್ ಮರಗಳ ಕೆಂಪು ಎಲೆಗಳು ಕಾಲಡಿಯಲ್ಲಿ ಸರಸರ ಸದ್ದು ಮಾಡುತ್ತಿದ್ದವು.

ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದ ನನ್ನನ್ನು ಅಲ್ಲಿಗೆ ಸೆಳೆದದ್ದು ಆ ಸಂಸ್ಥೆ ಹುಟ್ಟಿದ ಬಗೆ. 1849ರಲ್ಲಿ ನ್ಯೂಯಾರ್ಕಿನಿಂದ ಹ್ಯಾಲಿಫ್ಯಾಕ್ಸಿಗೆ ಬಂದಿಳಿದವರು ಸಿಸ್ಟರ್ಸ್ ಆಫ್ ಚಾರಿಟಿಯ ನಾಲ್ವರೇ ನಾಲ್ವರು ಧರ್ಮಭಗಿನಿಯರು. ಅವರ ಸಂಘವೇ 1873ರಲ್ಲಿ, ತಮ್ಮಲ್ಲಿಗೆ ಸೇರಿದ ತರುಣಿಯರನ್ನೂ ಇತರ ಹೆಣ್ಣುಮಕ್ಕಳನ್ನೂ ಶಿಕ್ಷಕಿಯರನ್ನಾಗಿ ತಯಾರು ಮಾಡಲೆಂದು ಇಲ್ಲೊಂದು ಅಕಾಡೆಮಿಯನ್ನು ತೆರೆಯಿತು. 1925ರಲ್ಲಿ ಅದಕ್ಕೆ ತಾನೇ ಪದವಿ ನೀಡುವ ಅಧಿಕಾರ ದೊರೆಯಿತು. 1951ರ ಜನವರಿಯ ಬೆಂಕಿಗೆ ಹಳೆಯ ಕಟ್ಟಡ ಆಹುತಿಯಾದರೂ ಪಾಠ ನಿಲ್ಲಲಿಲ್ಲ. 1966ರಲ್ಲಿ ಅದು ವಿಶ್ವವಿದ್ಯಾಲಯವಾಯಿತು. ಅಕಾಡೆಮಿ ತೆರೆಯುವುದಕ್ಕೆ ಮೂರು ವರ್ಷ ಮೊದಲು, 1870ರಲ್ಲಿ, ನಮ್ಮ ಮಂಗಳೂರಿಗೆ ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರು ಬಂದಿದ್ದರು. ನನ್ನ ಅಮ್ಮ ಅಕ್ಷರ ಕಲಿತದ್ದು ಅವರ ಶಾಲೆಯಲ್ಲಿ. ಆದ್ದರಿಂದ ಆ ಗುಡ್ಡದ ಮೇಲೆ ನಿಂತಾಗ ನನಗೆ ಪರಊರು ಎನಿಸಲೇ ಇಲ್ಲ.

ಮಧ್ಯಾಹ್ನ ಗ್ರಂಥಾಲಯದಲ್ಲಿ ಕುಳಿತಿದ್ದಾಗ ಮಗಳು, “ಅಮ್ಮ, ಇದನ್ನೂ ತಿಳಿದುಕೊಂಡೇ ಹೋಗಬೇಕು ನೀನು” ಎಂದು ಶೂಬೆನಾಕಡಿಯ ವಸತಿ ಶಾಲೆಯ ವಿಷಯ ತೆಗೆದಳು. 1930ರಿಂದ 1967ರವರೆಗೆ ನಡೆದ ಆ ಶಾಲೆಗೆ ಮಿಕ್‌ಮಾಕ್ ಮೂಲನಿವಾಸಿಗಳ ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ ತಂದು ಇರಿಸುತ್ತಿದ್ದರು. ಮನೆಮಾತನ್ನು ಆಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿತ್ತು. ಅಲ್ಲಿ ಪಾಠ ಮಾಡಿದವರು ಇದೇ ಸಂಘದ ಭಗಿನಿಯರು. ಅದರಲ್ಲಿ ತನ್ನ ಪಾಲೂ ಇದೆಯೆಂದು ಒಪ್ಪಿಕೊಂಡು ವಿಶ್ವವಿದ್ಯಾಲಯ 2021ರಲ್ಲಿ ಕ್ಷಮೆ ಕೇಳಿತು. ಹೆಣ್ಣುಮಕ್ಕಳ ಕೈಗೆ ಸೀಮೆಸುಣ್ಣ ಕೊಟ್ಟು ಅವರನ್ನು ಸ್ವಂತ ಕಾಲಿನ ಮೇಲೆ ನಿಲ್ಲಿಸಿದವರ ಬಗ್ಗೆ ಬೆಳಿಗ್ಗೆಯಿಂದ ನನ್ನ ಮನಸ್ಸಿನಲ್ಲಿ ತುಂಬಿದ್ದ ಗೌರವ ಆಗಲೂ ಅಳಿಯಲಿಲ್ಲ. ಆದರೆ ಅದರ ಪಕ್ಕದಲ್ಲೇ ಈ ಸಂಗತಿ ಬಂದು ಕುಳಿತುಕೊಂಡಿತು, ಮತ್ತೆ ಏಳಲಿಲ್ಲ.

ಆಗ ನನಗೆ ನೆನಪಾದದ್ದು ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ. ತರಗತಿಯಲ್ಲಿ ತುಳು ಮಾತನಾಡಿದವರಿಗೆ ಹತ್ತು ಪೈಸೆ ದಂಡ ಎಂಬ ನಿಯಮ ನಮ್ಮ ಶಾಲೆಯಲ್ಲಿತ್ತು. ಒಂದನೆಯ ತರಗತಿಯ ಒಬ್ಬ ಹುಡುಗಿ ಎದ್ದು ನಿಂತು, “ಟೀಚರ್, ಎಂಕ್ ನೀರ್ ಬೋಡು” ಎಂದಳು. ನೀರು ಬೇಕೆಂದು ಕೇಳುವುದಕ್ಕೆ ಅವಳಿಗೆ ಬೇರೆ ಮಾತು ಬರುತ್ತಿರಲಿಲ್ಲ. ನಾನು ದಂಡದ ಪುಸ್ತಕ ತೆರೆದೆ. ಮರುದಿನ ಅವಳು ಬೆವರಿದ ಅಂಗೈಯಲ್ಲಿ ಬಿಗಿಹಿಡಿದು ತಂದ ನಾಣ್ಯವನ್ನು ಮೇಜಿನ ಮೇಲಿಟ್ಟಳು. ಅದು ಒದ್ದೆಯಾಗಿತ್ತು. ಶೂಬೆನಾಕಡಿಯ ಮಕ್ಕಳ ಸಂಕಟದ ಮುಂದೆ ಇದು ಏನೂ ಅಲ್ಲ, ಸಮವೆಂದು ನಾನು ಹೇಳುತ್ತಲೂ ಇಲ್ಲ. ಆದರೂ ಆ ನಾಣ್ಯವನ್ನು ತೆಗೆದುಕೊಂಡ ಕೈ ನನ್ನದೇ.

ಮಗಳಿಗೆ ಈ ಸಂಗತಿಯನ್ನು ನಾನು ಹೇಳಿದ್ದು ಅಂದೇ ಮೊದಲು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಮೇಲೆ ಅವಳಿಗೆ ನೀರು ಕೊಟ್ಟೆಯಾ, ಅಮ್ಮ?” ಎಂದು ಕೇಳಿದಳು. ಎಷ್ಟು ಯೋಚಿಸಿದರೂ ನನಗೆ ಅದು ನೆನಪಾಗಲಿಲ್ಲ.